ಗ್ರೀಸ್‌ನ ಸುಫ್ಲಿ ಊರಿಗೆ ಯಾರಾದರೂ ಹೋಗಿದ್ದೀರಾ? ಅಪ್ಪನನ್ನು ಕರೆದುಕೊಂಡು ಹೋಗಬೇಕು

ಶಿಡ್ಲಘಟ್ಟ ಸೀಮೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಥೆಸಲೋನಿಕಿಯಲ್ಲಿ ಓದುತ್ತಿದ್ದಾಳೆ. ಮೇ ಕೊನೆಯಲ್ಲಿ ಅಪ್ಪ ಮತ್ತು ನಾನು ಅವಳನ್ನು ನೋಡಲು ಹೋಗುತ್ತಿದ್ದೇವೆ. ಅಥೆನ್ಸ್ ನೋಡಿ, ಸ್ಯಾಂಟೊರಿನಿ ನೋಡಿ ಅಂತ ಎಲ್ಲರೂ ಹೇಳುತ್ತಾರೆ. ಅಪ್ಪನಿಗೆ ಅದು ಯಾವುದೂ ಬೇಡವಂತೆ. ಅವರು 38 ವರ್ಷ ರೇಷ್ಮೆ ಹುಳು ಸಾಕಿದವರು. ತಂಗಿ ಒಂದು ದಿನ ಫೋನಿನಲ್ಲಿ "ಅಪ್ಪಾ, ಇಲ್ಲೂ ಒಂದು ರೇಷ್ಮೆ ಊರಿದೆ, ಹೆಸರು ಸುಫ್ಲಿ" ಅಂದಳು. ಅವತ್ತಿನಿಂದ ಅಪ್ಪ ಅದೊಂದನ್ನೇ ಕೇಳುತ್ತಿದ್ದಾರೆ.

ಬಸ್ಸಿನಲ್ಲಿ ಹೋಗಬಹುದಾ? ಅಲ್ಲಿ ಈಗಲೂ ಹುಳು ಸಾಕುತ್ತಾರಾ, ಇಲ್ಲ ಬರೀ ಮ್ಯೂಸಿಯಮ್ಮಾ? ಅಪ್ಪನಿಗೆ ಮಂಡಿ ನೋವು, ಜಾಸ್ತಿ ನಡೆಯೋಕೆ ಆಗಲ್ಲ. ಮಾಂಸ ಮುಟ್ಟಲ್ಲ. ಅಷ್ಟು ದೂರ ಹೋಗಿ ಅವರಿಗೆ ಬೇಸರ ಆಗಬಾರದು. ಗೊತ್ತಿರುವವರು ದಯವಿಟ್ಟು ಹೇಳಿ.

ಕನಕಪುರದ ಹುಡುಗಿ ಬರೆದದ್ದು:

ಅಣ್ಣಾ, ಖಂಡಿತ ಕರೆದುಕೊಂಡು ಹೋಗಿ. ನಾನು ಓರೆಸ್ಟಿಯಾಡಾದಲ್ಲಿ ಎರಡು ವರ್ಷ ಅರಣ್ಯ ವಿಷಯ ಓದಿದೆ. ಅಲ್ಲಿಂದ ಅಲೆಕ್ಸಾಂಡ್ರೊಪೊಲಿಗೆ ಹೋಗುವ ಬಸ್ಸು ಸುಫ್ಲಿ ಮೇಲೇ ಹೋಗುತ್ತದೆ. ಮೊದಲ ಸಲ ಕಿಟಕಿಯಿಂದ ಆ ಮನೆಗಳನ್ನು ಕಂಡಾಗ ನನಗೆ ನಮ್ಮ ಹುಳು ಮನೆ ನೆನಪಾಯಿತು. ಆಗ ಅದು ರೇಷ್ಮೆ ಊರು ಅಂತಲೂ ಗೊತ್ತಿರಲಿಲ್ಲ. ಆಮೇಲೆ ಎಷ್ಟು ಸಲ ಇಳಿದಿದ್ದೇನೋ ಲೆಕ್ಕವಿಲ್ಲ.

ಮೊದಲು ದಾರಿ. ಥೆಸಲೋನಿಕಿಯಿಂದ ಅಲೆಕ್ಸಾಂಡ್ರೊಪೊಲಿ 300 ಕಿಲೋಮೀಟರಿಗೂ ಜಾಸ್ತಿ. ಅಲ್ಲಿಂದ ಉತ್ತರಕ್ಕೆ ಸುಮಾರು 65 ಕಿಲೋಮೀಟರ್ ಹೋದರೆ ಸುಫ್ಲಿ. ಒಂದೇ ದಿನದಲ್ಲಿ ಹೋಗಿ ಬರುವ ಯೋಚನೆ ಬೇಡ. ಅಪ್ಪನಿಗೆ ಸುಸ್ತಾಗುತ್ತದೆ. ಅಲೆಕ್ಸಾಂಡ್ರೊಪೊಲಿಯಲ್ಲಿ ರಾತ್ರಿ ಉಳಿದು, ಬೆಳಗಿನ ಕೆಟೆಲ್ ಬಸ್ಸು ಹಿಡಿಯಿರಿ. ಕೆಟೆಲ್ ಅಂದರೆ ಅಲ್ಲಿಯ ಊರೂರಿನ ಬಸ್ಸು. ಸುಫ್ಲಿಯಲ್ಲಿ ಮುಖ್ಯ ರಸ್ತೆಯಲ್ಲೇ ನಿಲ್ಲುತ್ತದೆ. ನೋಡಬೇಕಾದ್ದೆಲ್ಲ ಹತ್ತಿರ ಹತ್ತಿರವೇ ಇದೆ. ಊರು ಗುಡ್ಡದ ಇಳಿಜಾರಿನಲ್ಲಿರುವುದರಿಂದ ಮೇಲಿನ ಬೀದಿಗಳು ಏರು. ಅವನ್ನು ಬಿಟ್ಟರೂ ನಷ್ಟವಿಲ್ಲ.

ಈಗ ಆ ಮನೆಗಳ ವಿಷಯ. ಬಸ್ಸಿಳಿದ ಕೂಡಲೇ ಮ್ಯೂಸಿಯಮ್ಮಿಗೆ ಓಡಬೇಡಿ. ಅಪ್ಪನನ್ನು ಬೀದಿಯಲ್ಲಿ ನಿಲ್ಲಿಸಿ, ತಲೆ ಎತ್ತಿ ನೋಡಿ ಅನ್ನಿ. ಇಟ್ಟಿಗೆ, ಮರದ ತೊಲೆ, ಎರಡು ಮೂರು ಅಂತಸ್ತು. ಕೆಳಗೆ ಕಿಟಕಿ ಕಡಿಮೆ. ಮೇಲೆ ಹೋದಂತೆ ಸಾಲು ಸಾಲು ಕಿಟಕಿ, ಎತ್ತರದ ಚಾವಣಿ. ಯಾಕೆ ಅಂತ ಅವರಿಗೆ ಹೇಳಿಕೊಡಬೇಕಾಗಿಲ್ಲ. ಕೆಳಗೆ ಜನ, ಮೇಲೆ ಹುಳು. ಗಾಳಿ ಆಡಬೇಕು, ಶಾಖ ಒಂದೇ ಸಮ ಇರಬೇಕು, ತೇವ ನಿಲ್ಲಬಾರದು. ಮಹಡಿ ತುಂಬ ಅಟ್ಟಣೆ ಕಟ್ಟಿ, ಒಂದರ ಮೇಲೊಂದು ಹುಳುವಿನ ಹಾಸು ಇಡುತ್ತಿದ್ದರು. ಇಂಥ ಮನೆಗೆ ಅಲ್ಲಿ ಬಿಜಿಕ್ಲಿಕಿ ಅನ್ನುತ್ತಾರೆ. ಇದು ತುರ್ಕಿಯ 'ಬೋಜೆಕ್' ಮಾತಿನಿಂದ ಬಂದದ್ದು. ಬೋಜೆಕ್ ಅಂದರೆ ಹುಳು. ಹುಳುವಿನ ಜಾಗ. ನಮ್ಮ 'ಹುಳು ಮನೆ'ಯೇ ಅಲ್ವಾ! ಇದನ್ನು ತಿಳಿದ ದಿನವೇ ನಮ್ಮ ಅಮ್ಮನಿಗೆ ಫೋನ್ ಮಾಡಿ ಹೇಳಿದ್ದೆ.

ನಮ್ಮ ಮನೆಯಲ್ಲೂ ಹಾಗೇ ಇತ್ತು. ಒಳ್ಳೇ ಕೋಣೆ ಹುಳುವಿಗೆ, ಉಳಿದದ್ದು ನಮಗೆ. ನಾಲ್ಕನೇ ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು) ಎದ್ದ ಮೇಲೆ ನಡುಮನೆಯೂ ಅವುಗಳದ್ದೇ. ನಾವು ಮಕ್ಕಳೆಲ್ಲ ಜಗಲಿ ಮೇಲೆ ಮಲಗುತ್ತಿದ್ದೆವು. ಸುಫ್ಲಿಯಲ್ಲಿ ಚರ್ಚಿನ ಪಕ್ಕದ ಬೆಂಚಿನ ಮೇಲೆ ಒಬ್ಬರು ಅಜ್ಜಿ ಕೂತಿರುತ್ತಿದ್ದರು. ನನ್ನ ಗೆಳತಿ ಮಾತು ತಿಳಿಸಿಕೊಟ್ಟಳು. ಚಿಕ್ಕವರಿದ್ದಾಗ ಹುಳು ಸೊಪ್ಪು ತಿನ್ನುವ ಸದ್ದು ಮೇಲಿನಿಂದ ರಾತ್ರಿಯೆಲ್ಲ ಕೇಳುತ್ತಿತ್ತಂತೆ, ಹೆಂಚಿನ ಮೇಲೆ ಮಳೆ ಬಿದ್ದ ಹಾಗೆ. ನಾನೂ ಅದೇ ಸದ್ದಿನಲ್ಲಿ ನಿದ್ದೆ ಮಾಡಿದವಳು ಅಂದಾಗ ಅವರು ನನ್ನ ಕೈ ಹಿಡಿದುಕೊಂಡು ತುಂಬ ಹೊತ್ತು ಬಿಡಲಿಲ್ಲ.

ಒಂದು ವ್ಯತ್ಯಾಸ ಅಪ್ಪನಿಗೆ ಮೊದಲೇ ಹೇಳಿ. ನಮ್ಮಲ್ಲಿ ವರ್ಷಕ್ಕೆ ಐದಾರು ಬೆಳೆ. ಅಲ್ಲಿ ಮುಖ್ಯವಾಗಿ ಒಂದೇ. ಚಳಿಗಾಲದಲ್ಲಿ ಹಿಪ್ಪುನೇರಳೆ ಬೋಳಾಗಿ ನಿಂತಿರುತ್ತದೆ. ಏಪ್ರಿಲ್ ಹೊತ್ತಿಗೆ ಚಿಗುರುತ್ತದೆ. ಮೊಟ್ಟೆ ಒಡೆಯಬೇಕಾದ್ದೂ ಆಗಲೇ. ಹೆಂಗಸರು ಮೊಟ್ಟೆಯನ್ನು ಬಟ್ಟೆಯಲ್ಲಿ ಕಟ್ಟಿ ಎದೆಗೆ ಒತ್ತಿಟ್ಟುಕೊಂಡು ಮೈ ಬಿಸಿಯಲ್ಲೇ ಮರಿ ಮಾಡಿಸುತ್ತಿದ್ದರಂತೆ. ಅಲ್ಲಿಂದ ಜೂನ್‌ವರೆಗೆ ಊರಿಗೆ ಊರೇ ಸೊಪ್ಪು ತರುವುದು, ಕಸ ತೆಗೆಯುವುದು, ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ಆರಿಸಿ ಒಣ ಕೊಂಬೆಗಳಿಗೆ ಹತ್ತಿಸುವುದು. ಹುಳು ಗೂಡು ಕಟ್ಟುವ ನಮ್ಮ ಬಿದಿರಿನ ಚಂದ್ರಿಕೆ ಅಲ್ಲಿ ಇಲ್ಲ, ಕೊಂಬೆಯೇ ಚಂದ್ರಿಕೆ. ಆ ಎರಡು ತಿಂಗಳಲ್ಲಿ ಎಡವಿದರೆ ವರ್ಷದ ರೇಷ್ಮೆ ದುಡ್ಡೇ ಇಲ್ಲ.

ಈಗ ಸಾಕುವವರು ಕೆಲವೇ ಮಂದಿ. ನಾನು ಮೇ ಕೊನೆಗೆ ಹೋದಾಗ ಒಂದು ಕಡೆ ನೋಡುವವರಿಗಾಗಿ ಹುಳು ಇಟ್ಟಿದ್ದರು. ನೀವು ಹೋಗುವುದೂ ಅದೇ ಹೊತ್ತಿಗೆ, ಸಿಗಬಹುದು. ಮ್ಯೂಸಿಯಮ್ ಇರುವುದು 1883ರಲ್ಲಿ ಕಟ್ಟಿದ ಕುರ್ತೀದಿಸ್ ಎಂಬ ವೈದ್ಯರ ಮನೆಯಲ್ಲಿ. ಸೊಪ್ಪು, ಹುಳು, ಗೂಡು, ನೂಲು, ಬಟ್ಟೆ ಎಲ್ಲವನ್ನೂ ಕ್ರಮವಾಗಿ ಇಟ್ಟಿದ್ದಾರೆ. ಗೂಡಿನಿಂದ ನೂಲು ತೆಗೆಯುವ ಬಿಚ್ಚಣಿಕೆ ಚರಕದ ಮುಂದೆ ಅಪ್ಪನನ್ನು ಅವರ ಪಾಡಿಗೆ ಬಿಟ್ಟುಬಿಡಿ. ಮಂಗಳವಾರ ಮುಚ್ಚಿರುತ್ತದೆ, ಆ ದಿನ ಹೋಗಬೇಡಿ. ಮಧ್ಯಾಹ್ನ ಎರಡರ ಮೇಲೆ ಸಂಜೆಯವರೆಗೆ ಅಂಗಡಿಗಳೂ ಬಾಗಿಲು ಹಾಕುತ್ತವೆ. ಬಟ್ಟೆ ಕೊಳ್ಳುವುದಾದರೆ ನೂಲು ಎಲ್ಲಿಯದು ಅಂತ ಕೇಳಿಯೇ ಕೊಳ್ಳಿ. ಬೇಸರ ಮಾಡಿಕೊಳ್ಳದೆ ಹೇಳುತ್ತಾರೆ.

ಊಟಕ್ಕೆ ಸುಫ್ಲಿ ಸಾಸೇಜಿಗೆ ಹೆಸರಾದ ಊರು. ಆದರೂ ಹೆದರಬೇಡಿ. 'ಹೋರ್ತಾ' ಕೇಳಿ. ಬೇಯಿಸಿದ ಬೆರಕೆ ಸೊಪ್ಪು, ಮೇಲೆ ನಿಂಬೆರಸ ಮತ್ತು ಆಲಿವ್ ಎಣ್ಣೆ. 'ಫಸೋಲಾದಾ' ಅಂದರೆ ಬಿಳಿ ಕಾಳಿನ ಸಾರು. 'ನಿಸ್ಟೀಸಿಮೊ' ಎಂಬ ಮಾತು ಕಲಿತಿರಿ, ಉಪವಾಸದ ಅಡುಗೆ ಅಂತ ಅರ್ಥ. ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ. ಆದರೆ ಅವರ ಉಪವಾಸಕ್ಕೆ ಸಿಗಡಿ ನಡೆಯುತ್ತದೆ. ಹಾಗಾಗಿ ಅದಿಲ್ಲ ತಾನೇ ಅಂತ ಇನ್ನೊಂದು ಸಲ ಕೇಳಿ.

ಹಳೇ ನಕ್ಷೆ ಬರೆದದ್ದು:

ಅಕ್ಕ ಚೆನ್ನಾಗಿ ಬರೆದಿದ್ದೀರಿ. ನಾನು ಆ ಊರು ನೋಡಿಲ್ಲ. ಗಡಿಗಳ ಚರಿತ್ರೆ ಓದುವಾಗ ಸುಫ್ಲಿ ಸಿಕ್ಕಿತ್ತು, ಅಷ್ಟನ್ನು ಸೇರಿಸುತ್ತೇನೆ. ಅಪ್ಪನವರಿಗೆ ಇದು ಬೇಕಾಗಬಹುದು.

ಊರಿನ ಪೂರ್ವಕ್ಕೆ ಹರಿಯುವುದು ಎವ್ರೋಸ್ ನದಿ. ಬಲ್ಗೇರಿಯಾದಲ್ಲಿ ಅದಕ್ಕೇ ಮರಿತ್ಸಾ ಅಂತ ಹೆಸರು, ತುರ್ಕಿಯಲ್ಲಿ ಮೆರಿಚ್. ಆಟೊಮನ್ ಕಾಲದಲ್ಲಿ ಅದು ಗಡಿ ಅಲ್ಲ, ಸುಮ್ನೆ ಒಂದು ಹೊಳೆ. ಸುಫ್ಲಿಯವರ ಮನೆ ಈ ದಡದಲ್ಲಿ, ಹಿಪ್ಪುನೇರಳೆ ತೋಟಗಳಲ್ಲಿ ಬಹಳಷ್ಟು ಆ ದಡದಲ್ಲಿ. 1870ರ ದಶಕದಲ್ಲಿ ರೈಲು ಬಂತು. ಗೂಡು ಮತ್ತು ನೂಲು ಇಟಲಿ, ಫ್ರಾನ್ಸಿನವರೆಗೆ ಹೋಗತೊಡಗಿತು. ಅಕ್ಕ ಹೇಳಿದ ದೊಡ್ಡ ಮನೆಗಳು ಎದ್ದದ್ದು ಆ ದುಡ್ಡಿನಲ್ಲಿ.

1912ರಿಂದ ಹತ್ತು ವರ್ಷ ಆ ಸೀಮೆಗೆ ನೆಮ್ಮದಿ ಇರಲಿಲ್ಲ. ಬಾಲ್ಕನ್ ಯುದ್ಧ, ಬಲ್ಗೇರಿಯಾದ ಆಡಳಿತ, ಮಹಾಯುದ್ಧ. 1920ರಲ್ಲಿ ಊರು ಗ್ರೀಸಿಗೆ ಸೇರಿತು. 1922ರ ಕೊನೆಯಲ್ಲಿ ನದಿಯಾಚೆಯ ಪೂರ್ವ ಥ್ರೇಸಿನ ಗ್ರೀಕರು ಎತ್ತಿನ ಗಾಡಿಗಳಲ್ಲಿ ಮನೆಸಾಮಾನು ಹೇರಿಕೊಂಡು ಲಕ್ಷಗಟ್ಟಲೆ ಈ ಕಡೆಗೆ ಬಂದರು. 1923ರ ಲೊಸಾನ್ ಒಪ್ಪಂದದಲ್ಲಿ ನದಿಯೇ ಗ್ರೀಸ್, ತುರ್ಕಿಯ ಗಡಿ ಆಯಿತು. ಆಚೆ ದಡದ ತೋಟಗಳು ಬೇರೆ ದೇಶಕ್ಕೆ ಸೇರಿಹೋದವು. ಹುಳು ಮನೆ ಇಲ್ಲಿ, ಸೊಪ್ಪು ಅಲ್ಲಿ. ಆಮೇಲೂ ಊರು ಕೈಬಿಡಲಿಲ್ಲ, ನೂಲಿನ ಕಾರ್ಖಾನೆಗಳು ನಡೆದವು. ಕೊನೆಗೆ ಪೆಟ್ಟು ಕೊಟ್ಟದ್ದು ಕೃತಕ ರೇಷ್ಮೆ ಮತ್ತು ನೈಲಾನ್. ಎರಡನೇ ಮಹಾಯುದ್ಧದ ನಂತರ ಹಿಪ್ಪುನೇರಳೆ ಕಿತ್ತು ಬೇರೆ ಬೆಳೆ ಇಟ್ಟರು.

ಇನ್ನೂ ಹಿಂದಕ್ಕೆ ಹೋದರೆ, ಆರನೇ ಶತಮಾನದಲ್ಲಿ ಪೂರ್ವ ರೋಮ್ ಸಾಮ್ರಾಜ್ಯದ ಜಸ್ಟಿನಿಯನ್ ಚಕ್ರವರ್ತಿಯ ಕಾಲಕ್ಕೆ ರೇಷ್ಮೆ ಮೊಟ್ಟೆ ಆ ಕಡೆಗೆ ತಲುಪಿತು. ತಂದವರು ಇಂಡಿಯಾದಿಂದ ಬಂದ ಸನ್ಯಾಸಿಗಳು ಅಂತ ಆ ಕಾಲದ ಇತಿಹಾಸಕಾರ ಪ್ರೊಕೋಪಿಯಸ್ ಬರೆದಿದ್ದಾನೆ.

ಕನಕಪುರದ ಹುಡುಗಿ ಬರೆದದ್ದು:

ತೋಟದ ಮಾತು ಎತ್ತಿದ್ದು ಒಳ್ಳೆಯದಾಯಿತು. ಆ ಅಜ್ಜಿ ಕೂಡ ನದಿ ಕಡೆಗೆ ಕೈ ತೋರಿಸಿ "ನಮ್ಮ ಮರಗಳು" ಅಂದಿದ್ದರು. ಅವರು ಹುಟ್ಟುವ ಮುಂಚೆಯೇ ಕೈತಪ್ಪಿದ ಮರಗಳು. ಆದರೂ ನಮ್ಮವು ಅಂತಲೇ ಹೇಳಿದರು.

ನದಿ ವಿಷಯದಲ್ಲಿ ಒಂದು ಎಚ್ಚರಿಕೆ ಅಣ್ಣಾ. ದಡದ ಹತ್ತಿರ ಹೋಗಬೇಡಿ, ಅಲ್ಲಿ ಫೋಟೊ ತೆಗೆಯಬೇಡಿ. ಅದು ಸೇನೆ ಕಾಯುವ ಜಾಗ. ಯುದ್ಧ, ಬಡತನ ತಪ್ಪಿಸಿಕೊಂಡು ಬರುವ ಜನ ಈಗಲೂ ರಾತ್ರಿ ಅದೇ ನದಿ ದಾಟುತ್ತಾರೆ. ಎಷ್ಟೋ ಜನ ದಾಟಲಾಗದೆ ಸತ್ತಿದ್ದಾರೆ. ಸುಫ್ಲಿಯ ಪಕ್ಕದಲ್ಲೇ ದಾದಿಯಾ ಕಾಡು ಇದೆ, ಕಪ್ಪು ರಣಹದ್ದುಗಳಿಗೆ ಹೆಸರಾದದ್ದು. ನಾನು ಓದಲು ಹೋದದ್ದೇ ಆ ಕಾಡಿನ ಆಸೆಯಿಂದ. 2023ರ ಆಗಸ್ಟಿನಲ್ಲಿ ಆ ಸೀಮೆಗೆ ಬೆಂಕಿ ಬಿತ್ತು. ಯುರೋಪ್ ಒಕ್ಕೂಟದಲ್ಲಿ ದಾಖಲಾದ ಅತಿ ದೊಡ್ಡ ಕಾಡ್ಗಿಚ್ಚು ಅದು. ಕಾಡಿನಲ್ಲಿ ಅಡಗಿದ್ದ 18 ಜನ ವಲಸಿಗರ ಶವ ಒಂದೇ ಕಡೆ ಸಿಕ್ಕವು. ಹೋಗುವಾಗ ದಾರಿಯಲ್ಲಿ ಕರಿ ಗುಡ್ಡಗಳು ಕಂಡರೆ ಅಪ್ಪ ಕೇಳುತ್ತಾರೆ, ಅದಕ್ಕೇ ಹೇಳಿದೆ.

ಗೂಡು ಮಾರುಕಟ್ಟೆ ಬರೆದದ್ದು:

ನಾನು ರೇಷ್ಮೆ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ಕೆಲಸ ಮಾಡಿದವನು. ಒಂದು ಸೂಚನೆ. ಮ್ಯೂಸಿಯಮ್ಮಿನಲ್ಲಿ ಹಳೇ ಸೂಕ್ಷ್ಮದರ್ಶಕ ಏನಾದರೂ ಕಂಡರೆ ಅಪ್ಪನಿಗೆ ತೋರಿಸಿ. 19ನೇ ಶತಮಾನದ ಮಧ್ಯದಲ್ಲಿ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ದಾಟುವ ಗಂಟು ರೋಗ ಯುರೋಪಿನ ರೇಷ್ಮೆಯನ್ನೇ ಮುಗಿಸುವಂತೆ ಹಬ್ಬಿತ್ತು. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷೆ ಮಾಡಿ, ರೋಗ ಕಂಡರೆ ಆ ಮೊಟ್ಟೆ ಎಸೆಯಿರಿ ಅಂತ ದಾರಿ ತೋರಿದವರು ಫ್ರಾನ್ಸಿನ ವಿಜ್ಞಾನಿ ಪ್ಯಾಶ್ಚರ್. ನಮ್ಮ ಕೋಠಿಗಳಲ್ಲಿ ಇವತ್ತಿಗೂ ಅದೇ ಕ್ರಮ. ಅಪ್ಪ ತಂದು ಸಾಕಿದ ಒಂದೊಂದು ಮೊಟ್ಟೆಯ ಹಾಳೆಯೂ ಆ ಪರೀಕ್ಷೆ ದಾಟಿಯೇ ಬಂದದ್ದು.

ಶಿಡ್ಲಘಟ್ಟ ಸೀಮೆ ಬರೆದದ್ದು:

ಹೋಗಿ ಬಂದೆವು. ಅಕ್ಕಾ, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ನೀವು ಹೇಳಿದ ಹಾಗೆ ಬೀದಿಯಲ್ಲೇ ನಿಲ್ಲಿಸಿದೆ. ಅಪ್ಪ ಮೇಲಿನ ಕಿಟಕಿಗಳನ್ನು ಎಣಿಸಿದರು. "ಗಾಳಿ ಈ ಕಡೆಯಿಂದ ಬಂದು ಆ ಕಡೆಗೆ ಹೋಗುತ್ತೆ. ತಿಳಿದವರು ಕಟ್ಟಿದ್ದಾರೆ" ಅಂದರು. ಒಂದು ಮನೆಯ ಮುಂದೆ ಹಿಪ್ಪುನೇರಳೆ ಮರ ಇತ್ತು. ನಾವು ಮೊಣಕಾಲೆತ್ತರದ ಕಡ್ಡಿ ತೋಟ ನೋಡಿದವರು, ಅದು ಬೇವಿನ ಮರದಷ್ಟಿತ್ತು. ಅಪ್ಪ ಒಂದು ಎಲೆ ಕಿತ್ತು ಬೆರಳಲ್ಲಿ ಉಜ್ಜಿ ನೋಡಿದರು. "ಇದು ಬಲಿತದ್ದು. ಚಾಕಿಯ ಎಳೆ ಹುಳುವಿಗೆ ಆಗಲ್ಲ. ಮೂರನೇ ಜ್ವರ ಎದ್ದ ಮೇಲೆ ಕೊಡಬಹುದು" ಅಂತ ತೀರ್ಪು ಕೊಟ್ಟರು.

ಹುಳು ಸಿಕ್ಕವು. ಒಂದು ತಟ್ಟೆಯಲ್ಲಿ ಜ್ವರಕ್ಕೆ ಕೂತಿದ್ದವು. ಅಪ್ಪ ನಮ್ಮನ್ನೆಲ್ಲ ಸುಮ್ಮನಿರಲು ಹೇಳಿ, ಎರಡು ಹೆಜ್ಜೆ ಹಿಂದೆ ಸರಿಸಿದರು.

ಬೆಂಚಿನ ಮೇಲೆ ಅಜ್ಜಿ ಇರಲಿಲ್ಲ. ಊಟ ಮಾಡಿ ಚೌಕದ ಕಾಫಿ ಅಂಗಡಿಯಲ್ಲಿ ಕೂತಿದ್ದಾಗ ಪಕ್ಕದ ಮೇಜಿನ ತಾತ ಒಬ್ಬರು ಮಾತಾಡಿಸಿದರು. ತಂಗಿಗೆ ಗೊತ್ತಿದ್ದಷ್ಟು ಗ್ರೀಕ್ ಎರಡೇ ನಿಮಿಷಕ್ಕೆ ಮುಗಿಯಿತು. ಆಗ ಅಪ್ಪ ನಾಲ್ಕು ಬೆರಳು ತೋರಿಸಿದರು, ನಾಲ್ಕು ಜ್ವರ ಅಂತ. ಆಮೇಲೆ ಜ್ವರಕ್ಕೆ ಕೂತ ಹುಳುವಿನ ಹಾಗೆ ಮುಂಗೈ ಮೇಲೆತ್ತಿ, ಬೆರಳು ಬಗ್ಗಿಸಿ, ಅಲ್ಲಾಡಿಸದೆ ಹಿಡಿದರು. ತಾತ ಕಾಫಿ ಲೋಟ ಕೆಳಗಿಟ್ಟು, ತಮ್ಮ ಕೈಯನ್ನೂ ಹಾಗೇ ಎತ್ತಿ ಹಿಡಿದರು.