ಐಸಿಆರ್‌ಎ ಸಲ್ಲಿಕೆ: ಪಿಡಿಎಫ್ ಪರೀಕ್ಷೆಯಲ್ಲಿ ಫಾಂಟ್ ದೋಷ, ಪುಟದ ಅಳತೆ ದೋಷ. ಪರಿಹಾರ ತಿಳಿಸಿ

ಸ್ಥಿರಬಿಂದು:
ಎಲ್ಲರಿಗೂ ನಮಸ್ಕಾರ. ಗಾಳಿಯ ಹೊಡೆತಕ್ಕೆ ಕ್ವಾಡ್‌ರೋಟರ್ (ನಾಲ್ಕು ರೋಟರ್‌ಗಳ ಡ್ರೋನ್) ದಾರಿ ತಪ್ಪದಂತೆ ನೋಡಿಕೊಳ್ಳುವ ನಿಯಂತ್ರಕದ ಮೇಲೆ ಒಂದು ಪ್ರಬಂಧ ಬರೆದು ಐಸಿಆರ್‌ಎ ಎಂಬ ರೋಬಾಟಿಕ್ಸ್ ಸಮ್ಮೇಳನಕ್ಕೆ ಕಳುಹಿಸಲು ಹೊರಟಿದ್ದೇನೆ. ಗಡುವು ಸೆಪ್ಟೆಂಬರ್ 15. ಪ್ರಬಂಧ ಸಲ್ಲಿಸುವ ಜಾಲತಾಣವಾದ ಪೇಪರ್‌ಪ್ಲಾಜಾದ ಪಿಡಿಎಫ್ ಪರೀಕ್ಷೆಗೆ ಹಾಕಿದರೆ ಮೂರು ಆಕ್ಷೇಪಗಳು ಬರುತ್ತಿವೆ: ಪುಟ ಲೆಟರ್ (ಅಮೆರಿಕದ ಕಾಗದದ) ಅಳತೆಯಲ್ಲಿಲ್ಲ, ಟೈಪ್ 3 ಫಾಂಟ್ ಇದೆ, ಒಂದು ಫಾಂಟ್ ಎಂಬೆಡ್ ಆಗಿಲ್ಲ (ಕಡತದೊಳಗೆ ಸೇರಿಲ್ಲ). ನನ್ನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಅದೇ ಕಡತ ಅಚ್ಚುಕಟ್ಟಾಗಿ ತೆರೆದುಕೊಳ್ಳುತ್ತದೆ.

ಬರೆದಿರುವುದು ಪುಟ ಜೋಡಿಸುವ ತಂತ್ರಾಂಶವಾದ ಲೇಟೆಕ್‌ನಲ್ಲಿ, ಐಇಇಇಕಾನ್ಫ್ ಕ್ಲಾಸ್ (ಸಮ್ಮೇಳನದ ಪುಟಮಾದರಿ) ಬಳಸಿ. ಗ್ರಾಫ್‌ಗಳಲ್ಲಿ ಕೆಲವು ಪೈಥಾನ್‌ನ ಮ್ಯಾಟ್‌ಪ್ಲಾಟ್‌ಲಿಬ್‌ನವು, ಇನ್ನು ಕೆಲವು ಸಹಲೇಖಕರು ಮ್ಯಾಟ್‌ಲ್ಯಾಬ್‌ನಲ್ಲಿ ಮಾಡಿಕೊಟ್ಟವು. ಇದರ ಜೊತೆಗೆ ನಮ್ಮ ಮಾರ್ಗದರ್ಶಕರ ಪಿನ್ (ಪೇಪರ್‌ಪ್ಲಾಜಾದ ನೋಂದಣಿ ಸಂಖ್ಯೆ) ಕೂಡ ಹುಡುಕಿದರೆ ಸಿಗುತ್ತಿಲ್ಲ.

ಗೇರ್‌ಪೆಟ್ಟಿಗೆ:
ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಕಡತವನ್ನು ಬ್ರೌಸರ್‌ನಲ್ಲಿ ತೆರೆದು, ಪ್ರಿಂಟ್ ಕೊಟ್ಟು, ಲೆಟರ್ ಅಳತೆ ಆರಿಸಿ ಮತ್ತೆ ಪಿಡಿಎಫ್ ಆಗಿ ಉಳಿಸಿ. ಕೆಲಸ ಮುಗಿಯಿತು.

ಹಳೆಯವಿಮರ್ಶಕಿ:
ದಯವಿಟ್ಟು ಹಾಗೆ ಮಾಡಬೇಡಿ. ಎ4 ಪುಟವನ್ನು ಲೆಟರ್ ಪುಟದೊಳಗೆ ಕುಗ್ಗಿಸಿ ಕೂರಿಸಿದರೆ ಅಕ್ಷರದ ಗಾತ್ರವೂ ಅಂಚೂ ಎರಡೂ ಕೆಡುತ್ತವೆ. ಟೈಪ್ 3 ಹೋಗುತ್ತದೆ ಎಂಬ ಭರವಸೆಯೂ ಇಲ್ಲ. ರೋಗ ಯಾವ ಚಿತ್ರದಲ್ಲಿದೆ ಎಂದು ತಿಳಿಯದೆ ಇಡೀ ಪ್ರಬಂಧಕ್ಕೆ ಔಷಧಿ ಹಾಕುವುದರಲ್ಲಿ ಅರ್ಥವಿಲ್ಲ.

ಸ್ಥಿರಬಿಂದು ಅವರೇ, ಪಾಪ್ಲರ್ ಉಪಕರಣಗಳ ಜೊತೆ ಪಿಡಿಎಫ್‌ಫಾಂಟ್ಸ್ ಎಂಬ ಪುಟ್ಟ ಆದೇಶ ಬರುತ್ತದೆ. ಉಬುಂಟುವಿನಲ್ಲಿ ಬಹುಶಃ ಈಗಾಗಲೇ ಇರುತ್ತದೆ. ಟರ್ಮಿನಲ್‌ನಲ್ಲಿ ಅದರ ಮುಂದೆ ಕಡತದ ಹೆಸರು ಕೊಟ್ಟು, ಬಂದ ಪಟ್ಟಿಯನ್ನು ಇಲ್ಲಿ ಹಾಕಿ.

ಸ್ಥಿರಬಿಂದು:
ಬಂದದ್ದು ಇಷ್ಟು:

ನಿಂಬಸ್‌ರೋಮನ್: ಟೈಪ್ 1, ಎಂಬೆಡ್ ಹೌದು
ಡೆಜಾವುಸಾನ್ಸ್: ಟೈಪ್ 3, ಎಂಬೆಡ್ ಹೌದು
ಹೆಲ್ವೆಟಿಕಾ: ಟೈಪ್ 1, ಎಂಬೆಡ್ ಇಲ್ಲ
ಹೆಸರಿನ ಜಾಗದಲ್ಲಿ ಚೌಕ ಆವರಣದೊಳಗೆ "ನನ್": ಟೈಪ್ 3, ಎಂಬೆಡ್ ಹೌದು

ಕೊನೆಯದು ಏನೆಂದೇ ಅರ್ಥವಾಗಲಿಲ್ಲ.

ಹಳೆಯವಿಮರ್ಶಕಿ:
ಎಲ್ಲವೂ ಈ ನಾಲ್ಕು ಸಾಲುಗಳಲ್ಲೇ ಇದೆ. ಮೊದಲನೆಯದು ನಿಮ್ಮ ಪ್ರಬಂಧದ ಮೈಬರಹ, ಅದಕ್ಕೆ ತೊಂದರೆಯಿಲ್ಲ. ಉಳಿದ ಮೂರು ಸಾಲುಗಳಿಗೆ ಮೂರು ಬೇರೆ ಬೇರೆ ಮೂಲಗಳಿವೆ.

ಡೆಜಾವುಸಾನ್ಸ್ ಎಂದರೆ ಮ್ಯಾಟ್‌ಪ್ಲಾಟ್‌ಲಿಬ್ ಎಂದೇ ಓದಿಕೊಳ್ಳಿ. ಅದು ಪಿಡಿಎಫ್ ಬರೆಯುವಾಗ ಯಾರೂ ಏನೂ ಹೇಳದಿದ್ದರೆ ಟೈಪ್ 3 ಆಗಿಯೇ ಬರೆಯುತ್ತದೆ. ಟೈಪ್ 3ರಲ್ಲಿ ಪ್ರತಿ ಅಕ್ಷರವೂ ಒಂದು ಸಣ್ಣ ಚಿತ್ರ ಬರೆಯುವ ಸೂಚನೆಯಷ್ಟೇ. ಫಾಂಟ್‌ಗೆ ಇರಬೇಕಾದ ಹಿಂಟಿಂಗ್ (ಅಕ್ಷರ ಸ್ಪಷ್ಟವಾಗಿ ಮೂಡಲು ನೆರವಾಗುವ ಸೂಚನೆಗಳು) ಅದರಲ್ಲಿರುವುದಿಲ್ಲ. ಸಮ್ಮೇಳನ ನಡೆಸುವ ಐಇಇಇ ಸಂಸ್ಥೆ ಅದನ್ನು ಒಪ್ಪುವುದಿಲ್ಲ. ನಿಮ್ಮ ಪೈಥಾನ್ ಕಡತದ ಮೇಲ್ಭಾಗದಲ್ಲಿ, ಗ್ರಾಫ್ ಬರೆಯುವುದಕ್ಕೆ ಮುಂಚೆ, ಆರ್‌ಸಿಪ್ಯಾರಾಮ್ಸ್ ಎಂಬ ಸೆಟ್ಟಿಂಗ್‌ಗಳಲ್ಲಿ ಪಿಡಿಎಫ್ ಫಾಂಟ್‌ಟೈಪ್ ಮೌಲ್ಯವನ್ನು 3ರಿಂದ 42ಕ್ಕೆ ಬದಲಿಸಿ. ಇಪಿಎಸ್ ರೂಪದ ಚಿತ್ರ ಬಳಸುವುದಾದರೆ ಪಿಎಸ್ ಫಾಂಟ್‌ಟೈಪ್‌ಗೂ ಅದನ್ನೇ ಮಾಡಿ. 42 ಎಂದರೆ ಟ್ರೂಟೈಪ್ ಫಾಂಟ್ ಆಗಿಯೇ ಕೂರುತ್ತದೆ. ಆಮೇಲೆ ಚಿತ್ರಗಳನ್ನೆಲ್ಲ ಮತ್ತೆ ಬರೆಸಬೇಕು. ಹಳೆಯ ಚಿತ್ರಗಳು ತಾವಾಗಿ ಸರಿಹೋಗುವುದಿಲ್ಲ.

ಹೆಲ್ವೆಟಿಕಾ ನಿಮ್ಮ ಸಹಲೇಖಕರ ಮ್ಯಾಟ್‌ಲ್ಯಾಬ್ ಚಿತ್ರಗಳಿಂದ ಬಂದಿರಬೇಕು. ಪಿಡಿಎಫ್‌ನ ಮೂಲ 14 ಫಾಂಟ್‌ಗಳಲ್ಲಿ ಅದೂ ಒಂದು. ಓದುವ ಯಂತ್ರದಲ್ಲಿ ಹೇಗೂ ಇರುತ್ತದೆ ಎಂಬ ಹಳೆಯ ನಂಬಿಕೆಯಿಂದ ಹಲವು ತಂತ್ರಾಂಶಗಳು ಅದನ್ನು ಕಡತದೊಳಗೆ ಇಡದೆ ಹೆಸರನ್ನಷ್ಟೇ ಬರೆದುಬಿಡುತ್ತವೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಕಾಣುವುದಕ್ಕೂ ಅದೇ ಕಾರಣ: ಹೋಲುವ ಫಾಂಟ್ ಒಂದನ್ನು ಓದುಗ ತಂತ್ರಾಂಶ ತಾನೇ ತಂದು ಹಾಕುತ್ತಿದೆ. ಮ್ಯಾಟ್‌ಲ್ಯಾಬ್ ಆರ್2020ಎ ಅಥವಾ ನಂತರದ್ದಾಗಿದ್ದರೆ ಎಕ್ಸ್‌ಪೋರ್ಟ್‌ಗ್ರಾಫಿಕ್ಸ್ ಆದೇಶವನ್ನು ವೆಕ್ಟರ್ ಆಯ್ಕೆಯೊಂದಿಗೆ ಬಳಸಲು ಅವರಿಗೆ ಹೇಳಿ. ಕೊಟ್ಟ ಚಿತ್ರವನ್ನು ಪ್ರಬಂಧಕ್ಕೆ ಸೇರಿಸುವ ಮೊದಲೇ ಪಿಡಿಎಫ್‌ಫಾಂಟ್ಸ್‌ಗೆ ಒಮ್ಮೆ ತೋರಿಸಿ.

ಹೆಸರಿಲ್ಲದ ಟೈಪ್ 3 ಮಾತ್ರ ಚಿತ್ರದ್ದಲ್ಲ, ಲೇಟೆಕ್‌ನದೇ. ಅಕ್ಷರ ಸಂಕೇತ ಆರಿಸುವ ಫಾಂಟ್‌ಎನ್ಕ್ ಪ್ಯಾಕೇಜನ್ನು ಟಿ1 ಆಯ್ಕೆಯೊಂದಿಗೆ ಹಾಕಿದ್ದೀರಾ? ಯಂತ್ರದಲ್ಲಿ ಸಿಎಂ-ಸೂಪರ್ ಎಂಬ ಫಾಂಟ್‌ಗಳ ಕಟ್ಟು ಇಲ್ಲದಿದ್ದರೆ ಲೇಟೆಕ್ ಬಿಟ್‌ಮ್ಯಾಪ್ ಅಕ್ಷರಗಳನ್ನು ತಯಾರಿಸಿ ತುಂಬುತ್ತದೆ. ಸಿಎಂ-ಸೂಪರ್ ಹಾಕಿಕೊಳ್ಳಿ, ಇಲ್ಲವೇ ಆ ಸಾಲನ್ನೇ ತೆಗೆಯಿರಿ. ಇಂಗ್ಲಿಷ್ ಪ್ರಬಂಧಕ್ಕೆ ಸಾಮಾನ್ಯವಾಗಿ ಅದರ ಅಗತ್ಯವಿಲ್ಲ.

ಇನ್ನು ಪುಟದ ಅಳತೆ. ಐಇಇಇಕಾನ್ಫ್ ಮಾದರಿಯ ಆರಂಭದಲ್ಲೇ ಎರಡು ಡಾಕ್ಯುಮೆಂಟ್‌ಕ್ಲಾಸ್ ಸಾಲುಗಳಿರುತ್ತವೆ: ಒಂದು ಲೆಟರ್‌ಪೇಪರ್, ಇನ್ನೊಂದು ಶೇಕಡಾ ಚಿಹ್ನೆ ಹಾಕಿ ನಿಷ್ಕ್ರಿಯಗೊಳಿಸಿದ ಎ4ಪೇಪರ್. ನಮ್ಮ ದೇಶದಲ್ಲಿ ಎ4 ರೂಢಿಯಾದ್ದರಿಂದ ಆ ಚಿಹ್ನೆಯನ್ನು ಅದಲುಬದಲು ಮಾಡುವವರು ಬಹಳ. ನಿಮ್ಮ ಪುಟದ ಅಳತೆ ಲೆಟರ್, ಅಂದರೆ 612 × 792 ಪಾಯಿಂಟ್ ಇರಬೇಕು. ಎ4 ಸುಮಾರು 595 × 842. ಅಂದರೆ ಲೆಟರ್ ಪುಟ ಕೊಂಚ ಅಗಲ, ಆದರೆ 50 ಪಾಯಿಂಟ್ ಗಿಡ್ಡ. ಬದಲಿಸಿದ ತಕ್ಷಣ ಸಾಲುಗಳು ಜರುಗಿ, ಉಲ್ಲೇಖಪಟ್ಟಿ ಇನ್ನೊಂದು ಪುಟಕ್ಕೆ ಹರಿಯಬಹುದು. ಆದ್ದರಿಂದ ಇದನ್ನೇ ಮೊದಲು ಮಾಡಿ, ಫಾಂಟ್ ಆಮೇಲೆ.

ಹರಿದ ಪುಟವನ್ನು ಎಳೆದು ತರಲು ಋಣ ವಿಸ್ಪೇಸ್ (ನಡುವಿನ ಜಾಗ ಕುಗ್ಗಿಸುವ ಆದೇಶ) ತುಂಬಬೇಡಿ. ಓವರ್‌ರೈಡ್‌ಐಇಇಇಮಾರ್ಜಿನ್ಸ್ ಎಂಬ ಸಾಲನ್ನೂ ಮುಟ್ಟಬೇಡಿ, ಅಂಚುಗಳು ಸರಿಯಿರಬೇಕಾದರೆ ಅದು ಬೇಕು. ಶೀರ್ಷಿಕೆಯೂ ಚಿತ್ರವೂ ಒಂದಕ್ಕೊಂದು ಅಂಟಿಕೊಂಡ ಪ್ರಬಂಧ ಕೈಗೆ ಬಂದರೆ, ಓದುವ ಮುಂಚೆಯೇ ವಿಮರ್ಶಕರಿಗೆ ಬೇಸರ. ಪೀಠಿಕೆಯಲ್ಲಿ ಎಲ್ಲರಿಗೂ ಗೊತ್ತಿರುವ ಎರಡು ವಾಕ್ಯ ಕಡಿಯುವುದು ಲೇಸು.

ಗೇರ್‌ಪೆಟ್ಟಿಗೆ:
ಒಪ್ಪಿದೆ. ಆದರೆ ಸಹಲೇಖಕರು ಊರಿನಲ್ಲಿಲ್ಲ, ಮೂಲ ಕಡತ ಅವರ ಬಳಿಯೇ ಇದೆ ಎಂದಿಟ್ಟುಕೊಳ್ಳಿ. ಪಿಡಿಎಫ್ ಅನ್ನು ಮತ್ತೆ ಬರೆಯುವ ಘೋಸ್ಟ್‌ಸ್ಕ್ರಿಪ್ಟ್ ತಂತ್ರಾಂಶದಲ್ಲಿ ಪ್ರೀಪ್ರೆಸ್ (ಮುದ್ರಣಕ್ಕೆ ಸಿದ್ಧಪಡಿಸುವ) ಆಯ್ಕೆ ಕೊಟ್ಟು ಹಾಯಿಸಿದರೆ ಆಗದೇ? ಇಲ್ಲವೇ ಚಿತ್ರವನ್ನು ಪಿಎನ್‌ಜಿ ಮಾಡಿದರೆ ಫಾಂಟ್‌ನ ಗೊಡವೆಯೇ ಇರುವುದಿಲ್ಲವಲ್ಲ?

ಹಳೆಯವಿಮರ್ಶಕಿ:
ಹೆಲ್ವೆಟಿಕಾಕ್ಕೆ ಘೋಸ್ಟ್‌ಸ್ಕ್ರಿಪ್ಟ್ ಸಾಕು. ಪ್ರೀಪ್ರೆಸ್‌ನಲ್ಲಿ ಮೂಲ 14 ಫಾಂಟ್‌ಗಳನ್ನೂ ಎಂಬೆಡ್ ಮಾಡುತ್ತದೆ. ಹೆಲ್ವೆಟಿಕಾದ ಬದಲು ಅದಕ್ಕೆ ಹೋಲುವ ನಿಂಬಸ್ ಸಾನ್ಸ್ ಕೂರುತ್ತದೆ, ಕಣ್ಣಿಗೆ ವ್ಯತ್ಯಾಸ ಕಾಣುವುದು ಕಷ್ಟ. ಆದರೆ ಟೈಪ್ 3ನ್ನು ಅದು ಟೈಪ್ 1 ಮಾಡುವುದಿಲ್ಲ. ಅಕ್ಷರಗಳನ್ನೆಲ್ಲ ಬರಿಯ ರೇಖೆಗಳಾಗಿ ಮಾರ್ಪಡಿಸುವ ಆಯ್ಕೆ ಇದೆ ನಿಜ. ಅದನ್ನು ಒಂದು ಚಿತ್ರಕ್ಕೆ ಮಾತ್ರ ಬಳಸಬಹುದು. ಇಡೀ ಪ್ರಬಂಧಕ್ಕೆ ಬಳಸಿದರೆ ಪಠ್ಯದಲ್ಲಿ ಒಂದು ಪದವನ್ನೂ ಹುಡುಕಲಾಗುವುದಿಲ್ಲ.

ಪಿಎನ್‌ಜಿ ಫೋಟೋಗೆ ಸರಿ, ಕ್ವಾಡ್‌ರೋಟರ್‌ನ ಚಿತ್ರಕ್ಕೆ ಸರಿ. ಒಂದೇ ಕಾಲಮ್‌ನೊಳಗೆ, ಅಂದರೆ ಸುಮಾರು ಮೂರೂವರೆ ಇಂಚಿನಲ್ಲಿ, ಆಧಾರ ಪಥ ಮತ್ತು ನಿಜ ಪಥದ ಎರಡು ಗೆರೆಗಳು ಕೂದಲೆಳೆಯ ಅಂತರದಲ್ಲಿ ಓಡುವ ಗ್ರಾಫ್‌ಗೆ ಬೇಡ. ದೊಡ್ಡದು ಮಾಡಿ ನೋಡುವವರಿಗೆ ಮಸುಕೇ ಕಾಣುತ್ತದೆ, ನಿಮ್ಮ ಫಲಿತಾಂಶ ಇರುವುದೇ ಆ ಅಂತರದಲ್ಲಿ.

ದಡದಾಚೆ:
ಪಿನ್ ವಿಷಯಕ್ಕೆ ಯಾರೂ ಉತ್ತರಿಸಿಲ್ಲ. ಪ್ರತಿ ಸಹಲೇಖಕರಿಗೂ ಪಿನ್ ಇರಲೇಬೇಕು, ಇಲ್ಲದಿದ್ದರೆ ಅವರನ್ನು ಪಟ್ಟಿಗೆ ಸೇರಿಸಲಾಗುವುದಿಲ್ಲ. ನಮ್ಮವರ ಹೆಸರುಗಳದ್ದು ಒಂದು ಬೇರೆಯೇ ಕಥೆ: ಹೆಸರಿನ ಹಿಂದೆ ಊರಿನದೋ ತಂದೆಯದೋ ಇನಿಷಿಯಲ್ ಮಾತ್ರ. ನೋಂದಣಿ ಮಾಡುವಾಗ ಕೊನೆಯ ಹೆಸರಿನ ಜಾಗದಲ್ಲಿ ಕೆಲವರು ಒಂದೇ ಅಕ್ಷರ ತುಂಬಿರುತ್ತಾರೆ, ಕೆಲವರು ಇಡೀ ಹೆಸರನ್ನೇ ಅಲ್ಲಿ ಹಾಕಿರುತ್ತಾರೆ. ನೀವು ಹೆಸರು ಕೊಟ್ಟು ಹುಡುಕುತ್ತಿದ್ದರೆ ಇನಿಷಿಯಲ್ ಅಕ್ಷರವನ್ನೇ ಕೊನೆಯ ಹೆಸರಾಗಿ ಕೊಟ್ಟು ನೋಡಿ. ಆಗಲೂ ಸಿಗದಿದ್ದರೆ ಮೇಷ್ಟ್ರನ್ನೇ ಕೇಳಿ. ಹಿಂದೆ ಯಾವುದಾದರೂ ಸಮ್ಮೇಳನಕ್ಕೆ ವಿಮರ್ಶೆ ಮಾಡಿದ್ದರೆ ಅವರ ಹಳೆಯ ಇಮೇಲ್‌ನಲ್ಲಿ ಪಿನ್ ಇರಬಹುದು. ಸಿಗಲಿಲ್ಲವೆಂದು ಅವರ ಹೆಸರಿನಲ್ಲಿ ನೀವೇ ಹೊಸದೊಂದನ್ನು ಮಾಡಿಬಿಡಬೇಡಿ. ಒಬ್ಬರಿಗೆ ಎರಡು ಪಿನ್ ಆದರೆ ಆಮೇಲೆ ಗೋಜಲು.

ಇನ್ನೊಂದು ಮಾತು. ಗಡುವು ಪೆಸಿಫಿಕ್ ಸಮಯ ರಾತ್ರಿ 11:59 ಎಂದಿದ್ದರೆ ಸೆಪ್ಟೆಂಬರ್‌ನಲ್ಲಿ ನಮಗೆ ಅದು ಮರುದಿನ ಮಧ್ಯಾಹ್ನ 12:29. ಆದರೂ ಈಗಿರುವುದನ್ನು ಸರಿಮಾಡಿದ ಕೂಡಲೇ ಒಮ್ಮೆ ಸಲ್ಲಿಸಿಬಿಡಿ. ಗಡುವು ಮುಗಿಯುವವರೆಗೆ ಕಡತ ಬದಲಿಸಬಹುದು.

ಸ್ಥಿರಬಿಂದು:
ಲೆಟರ್ ಸಾಲು ಸರಿಪಡಿಸಿದೆ. ಮ್ಯಾಟ್‌ಪ್ಲಾಟ್‌ಲಿಬ್ ಚಿತ್ರಗಳು 42ರಲ್ಲಿ ಬಂದವು. ಮೇಷ್ಟ್ರ ಪಿನ್ ಇನಿಷಿಯಲ್ ಹೆಸರಲ್ಲೇ ಸಿಕ್ಕಿತು. ಹೆಸರಿಲ್ಲದ ಟೈಪ್ 3 ಕೂಡ ಮಾಯವಾಗಿದೆ, ಟಿ1 ಸಾಲು ತೆಗೆದದ್ದೇ ಸಾಕಾಯಿತು. ಹೆಲ್ವೆಟಿಕಾ ಮಾತ್ರ ಇನ್ನೂ ಕಾಣುತ್ತಿದೆ. ಸಹಲೇಖಕರು ಹೊಸ ಚಿತ್ರ ಕಳುಹಿಸಿದರೂ ಹಾಗೆಯೇ.

ಹಳೆಯವಿಮರ್ಶಕಿ:
ಪ್ರತಿ ಚಿತ್ರವನ್ನೂ ಬೇರೆಬೇರೆಯಾಗಿ ಪಿಡಿಎಫ್‌ಫಾಂಟ್ಸ್‌ಗೆ ಕೊಡಿ. ಬ್ಲಾಕ್ ಡಯಾಗ್ರಾಮ್ ಯಾವುದರಲ್ಲಿ ಬರೆದಿರಿ?

ಸ್ಥಿರಬಿಂದು:
ಅದೇ! ನಿಯಂತ್ರಕದ ಬ್ಲಾಕ್ ಡಯಾಗ್ರಾಮ್ ಹಳೆಯ ಪ್ರಾಜೆಕ್ಟ್ ಒಂದರ ಇಪಿಎಸ್. ಅದೊಂದನ್ನು ಘೋಸ್ಟ್‌ಸ್ಕ್ರಿಪ್ಟ್‌ನಲ್ಲಿ ಹಾಯಿಸಿದೆ. ಪಟ್ಟಿಯಲ್ಲಿ ಈಗ ಎಲ್ಲಕ್ಕೂ ಎಂಬೆಡ್ ಹೌದು ಎಂದಿದೆ, ಪರೀಕ್ಷೆಯೂ ಪಾಸಾಯಿತು. ಆದರೆ ಉಲ್ಲೇಖಪಟ್ಟಿಯ ಕೊನೆಯ ನಾಲ್ಕು ಸಾಲು ಹೊಸ ಪುಟಕ್ಕೆ ಹರಿದಿವೆ. ಪೀಠಿಕೆ ಕಡಿಯಲು ಕೂರುತ್ತಿದ್ದೇನೆ.