ಬಲ್ಬ್ 2.7 ಓಮ್ ತೋರಿಸುತ್ತೆ, ಕರೆಂಟ್ ಮಾತ್ರ 0.41 ಆಂಪಿಯರ್. ಲೆಕ್ಕ ಎಲ್ಲಿ ತಪ್ಪಿತು?

ಪ್ರಶ್ನೆ
12 ವೋಲ್ಟ್, 5 ವ್ಯಾಟ್‌ನ ಫಿಲಮೆಂಟ್ ಬಲ್ಬು. ಬಿಚ್ಚಿ ಮಲ್ಟಿಮೀಟರಿನಲ್ಲಿ ಅಳೆದರೆ 2.7 ಓಮ್. ಹಾಗಾದರೆ 12 ವೋಲ್ಟಿಗೆ ಸುಮಾರು 4.4 ಆಂಪಿಯರ್ ಹರಿಯಬೇಕು. ಬ್ಯಾಟರಿಗೆ ಹಾಕಿ ಮೀಟರನ್ನು ಸರಣಿಯಲ್ಲಿ ಸೇರಿಸಿದರೆ ಬರೀ 0.41. ಮೀಟರ್ ಕೆಟ್ಟಿದೆಯೋ, ಓಮ್‌ನ ನಿಯಮ (ವೋಲ್ಟ್ ÷ ಓಮ್ = ಆಂಪಿಯರ್) ಬಲ್ಬಿಗೆ ಅನ್ವಯಿಸಲ್ವೋ?

ಉತ್ತರ 1
ಮೀಟರ್ ಸರಿಯಾಗೇ ಇದೆ. ಅಳೆದದ್ದು ತಣ್ಣಗಿದ್ದ ಫಿಲಮೆಂಟು, ಲೆಕ್ಕ ಹಾಕಿದ್ದು ಉರಿಯುವ ಫಿಲಮೆಂಟಿಗೆ. ಫಿಲಮೆಂಟಿನ ಲೋಹವಾದ ಟಂಗ್‌ಸ್ಟನ್ ಕಾದಷ್ಟೂ ಅದರ ರೆಸಿಸ್ಟೆನ್ಸ್ (ಓಮ್‌ನಲ್ಲಿ ಅಳೆಯುವ ತಡೆ) ಏರುತ್ತೆ. ಪೂರ್ತಿ ಬೆಳಗುವಾಗ ತಣ್ಣಗಿದ್ದಾಗಿನ ಹತ್ತು-ಹನ್ನೆರಡು ಪಟ್ಟು ಆಗಿರುತ್ತೆ. 12 ÷ 0.41 ಮಾಡಿ ನೋಡಿ, 29 ಓಮ್. ಬಲ್ಬಿನ ಮೇಲಿರುವ 5 ವ್ಯಾಟಿನಿಂದ ಹೊರಟರೂ (12 × 12 ÷ 5) 28.8 ಬರುತ್ತೆ.

ಇನ್ನೊಂದು: ಎರಡೂ ಪ್ರೋಬ್‌ಗಳ ತುದಿ ಮುಟ್ಟಿಸಿದಾಗ ಮೀಟರ್ ಎಷ್ಟು ತೋರಿಸುತ್ತೋ ಅಷ್ಟನ್ನು 2.7ರಿಂದ ಕಳೆಯಿರಿ. ಅದು ಪ್ರೋಬ್ ವೈರುಗಳದ್ದೇ ರೆಸಿಸ್ಟೆನ್ಸ್, ಸಾಮಾನ್ಯವಾಗಿ 0.2ರಿಂದ 0.5 ಓಮ್ ಇರುತ್ತೆ. ಇಷ್ಟು ಸಣ್ಣ ಅಳತೆಯಲ್ಲಿ ಅದು ಸಣ್ಣ ವ್ಯತ್ಯಾಸವಲ್ಲ.

ಉತ್ತರ 2
ಆ 4.4 ಪೂರ್ತಿ ಸುಳ್ಳೂ ಅಲ್ಲ. ಸ್ವಿಚ್ ಹಾಕಿದ ಕ್ಷಣದಲ್ಲಿ ಫಿಲಮೆಂಟ್ ತಣ್ಣಗೇ ಇರುತ್ತೆ, ಹಾಗಾಗಿ ಕರೆಂಟ್ ಅದರ ಹತ್ತಿರಕ್ಕೆ ನುಗ್ಗಿ ತಕ್ಷಣ ಇಳಿಯುತ್ತೆ. ಮೀಟರಿನ ಡಿಸ್‌ಪ್ಲೇ ಅಷ್ಟು ಚುರುಕಲ್ಲ, ಕಾಣಿಸೋದೇ ಇಲ್ಲ. ಹಳೇ ಬಲ್ಬು ಹೆಚ್ಚಾಗಿ ಸ್ವಿಚ್ ಹಾಕುವಾಗಲೇ ಹೋಗೋದು ಇದಕ್ಕೇ: ಸವೆದು ಸಣ್ಣಗಾದ ಜಾಗ ಮೊದಲು ಕಾದು ಕರಗುತ್ತೆ.

ನಿಯಮವನ್ನೇ ಪರೀಕ್ಷಿಸಬೇಕಾದರೆ ಬಲ್ಬ್ ಬಿಡಿ, 1 ಕಿಲೋ ಓಮ್ ಕಾಲು ವ್ಯಾಟ್ ರೆಸಿಸ್ಟರ್ ತಗೊಳ್ಳಿ. 12 ವೋಲ್ಟಿಗೆ 12 ಮಿಲಿಆಂಪಿಯರ್, 6 ವೋಲ್ಟಿಗೆ 6. ಬೇಗ ಆಗಲಿ ಅಂತ 100 ಓಮ್ ಹಾಕಬೇಡಿ; 1.44 ವ್ಯಾಟ್ ಬಿಸಿ, ಕಾಲು ವ್ಯಾಟಿನದು ಹೊಗೆಯಾಡುತ್ತೆ.

ಉತ್ತರ 3
ಕರೆಂಟ್ ಅಳೆದಾದ ಮೇಲೆ ಕೆಂಪು ಪ್ರೋಬನ್ನು 10 ಆಂಪಿಯರ್ ಸಾಕೆಟ್ಟಿನಿಂದ ತೆಗೆದು ವೋಲ್ಟ್ ಸಾಕೆಟ್ಟಿಗೆ ಹಾಕೋದು ಮರೆಯಬೇಡಿ. ಹಾಗೇ ಬ್ಯಾಟರಿಗೆ ಮುಟ್ಟಿಸಿದರೆ ಶಾರ್ಟ್. ಅಗ್ಗದ ಮೀಟರುಗಳಲ್ಲಿ ಆ ಸಾಕೆಟ್ಟಿಗೆ ಎಷ್ಟೋ ಸಲ ಫ್ಯೂಸೇ ಇರಲ್ಲ. ವೋಲ್ಟೇಜನ್ನು ಬಲ್ಬಿನ ಎರಡು ತುದಿಗಳಲ್ಲೇ, ಅದು ಉರಿಯುತ್ತಿರುವಾಗ ನೋಡಿ. ಬ್ಯಾಟರಿ ಮೇಲೆ 12 ಅಂತ ಬರೆದಿದೆ ಅಂತ ನಂಬಬೇಡಿ.

ಪ್ರಶ್ನೆ ಕೇಳಿದವರು
ಬಲ್ಬಿನ ತುದಿಗಳಲ್ಲೇ ಅಳೆದೆ. 3 ವೋಲ್ಟಿಗೆ 0.19, 6 ವೋಲ್ಟಿಗೆ 0.28, 12 ವೋಲ್ಟಿಗೆ 0.41 ಆಂಪಿಯರ್. ಅಂದರೆ ಸುಮಾರು 16, 21, 29 ಓಮ್. ಪ್ರೋಬ್ ತುದಿ ಮುಟ್ಟಿಸಿದರೆ 0.3 ಓಮ್, ಅಂದರೆ ತಣ್ಣಗಿದ್ದಾಗ ಬಲ್ಬು 2.4 ಓಮ್.