ಹೋಮರನ ‘ಖ್ಲೋರೋಸ್’: ಹಸಿಯೋ, ಹಸಿರೋ?

ಎಲ್ಲರಿಗೂ ನಮಸ್ಕಾರ.

ವಿಲಿಯಂ ಗ್ಲ್ಯಾಡ್‌ಸ್ಟನ್ ಬಗ್ಗೆ ಒಂದು ಬರಹ ಸಿದ್ಧಮಾಡುತ್ತಿದ್ದೇನೆ. ನಾಲ್ಕು ಸಲ ಬ್ರಿಟನ್ನಿನ ಪ್ರಧಾನಿಯಾದವರು. ಅವರನ್ನು ರಾಜಕಾರಣಿ ಅಂತಲೇ ನೆನೆಯುವುದು ಜಾಸ್ತಿ. ಆದರೆ ಗ್ರೀಕ್ ಕವಿ ಹೋಮರನನ್ನು ಬದುಕಿಡೀ ಓದಿದವರು ಅವರು. 1831ರಲ್ಲಿ ಆಕ್ಸ್‌ಫರ್ಡಿನಲ್ಲಿ ಗ್ರೀಕ್-ಲ್ಯಾಟಿನ್ ಓದು ಮತ್ತು ಗಣಿತ ಎರಡರಲ್ಲೂ ಮೊದಲ ದರ್ಜೆ ಪಡೆದರು. ಮರುವರ್ಷವೇ ಸಂಸತ್ತಿಗೆ ಆರಿಸಿ ಬಂದರು. 1855ರಲ್ಲಿ ಹಣಕಾಸು ಮಂತ್ರಿ ಪದವಿ ಬಿಟ್ಟ ಮೇಲೆ ಬಿಡುವು ಸಿಕ್ಕಿತು. 1858ರಲ್ಲಿ ಹೋಮರನ ಮೇಲೆ ಮೂರು ಸಂಪುಟ ಹೊರತಂದರು. ಮುಪ್ಪಿನಲ್ಲಿ ಹಾರ್ಡನ್ ಊರಿನಲ್ಲಿ ಗ್ರಂಥಾಲಯ ಮಾಡಿ, ತಮ್ಮ ಪುಸ್ತಕಗಳನ್ನು ಕೈಗಾಡಿಯಲ್ಲಿ ತಾವೇ ಸಾಗಿಸಿದರು. ಎಂಥ ಅಕ್ಕರೆ ನೋಡಿ!

ನನ್ನ ಪ್ರಶ್ನೆ ಮೂರನೆಯ ಸಂಪುಟದ್ದು. ಅಲ್ಲಿ ಹೋಮರನ ಬಣ್ಣದ ಮಾತುಗಳನ್ನೆಲ್ಲ ಅವರು ಒಟ್ಟುಹಾಕಿದ್ದಾರೆ. ಕಡಲಿಗೂ ಎತ್ತಿಗೂ ಒಂದೇ ಮಾತು, ದ್ರಾಕ್ಷಾರಸದಂಥದ್ದು. ಆಕಾಶ ಕಂಚಿನದು, ಕಬ್ಬಿಣದ್ದು. ಎಲ್ಲೂ ನೀಲಿ ಅಲ್ಲ. ಆ ಕಾಲದವರಿಗೆ ಬಣ್ಣದ ಅರಿವು ಇನ್ನೂ ಪೂರ್ತಿ ಬೆಳೆದಿರಲಿಲ್ಲ ಅಂತ ಅವರು ಊಹಿಸಿದರು. ಆ ಊಹೆ ನನಗೆ ಒಪ್ಪಿಗೆಯಿಲ್ಲ. ಹೆಸರಿಲ್ಲ ಅಂದ ಮಾತ್ರಕ್ಕೆ ಕಣ್ಣಿಗೆ ಕಾಣುವುದಿಲ್ಲ ಅಂತಲ್ಲ ಅಲ್ವಾ? ನಮ್ಮ ‘ನೀಲಿ’ಯೂ ಸಂಸ್ಕೃತದಿಂದ ಬಂದದ್ದೇ. ಹಾಗಂತ ಅದಕ್ಕೆ ಮುಂಚೆ ನಮ್ಮವರಿಗೆ ಆ ಬಣ್ಣ ಕಾಣುತ್ತಿರಲಿಲ್ಲ ಅನ್ನಲಾದೀತೇ? ಆದರೂ ಹೋಮರನ ಒಂದೊಂದು ಮಾತನ್ನೂ ಹೆಕ್ಕಿ ಜೋಡಿಸಿದ ಅವರ ದುಡಿಮೆ ದೊಡ್ಡದು.

ನಾನು ಸಿಕ್ಕಿಕೊಂಡಿರುವುದು ‘ಖ್ಲೋರೋಸ್’ ಎಂಬ ಗ್ರೀಕ್ ಮಾತನ್ನು ಕನ್ನಡಕ್ಕೆ ತರುವುದರಲ್ಲಿ. ನಿಘಂಟಿನಲ್ಲಿ ‘ತಿಳಿ ಹಸಿರು’ ಅಂತಿರುತ್ತದೆ. ಹೋಮರ ಅದನ್ನು ಜೇನಿಗೆ ಬಳಸುತ್ತಾನೆ, ಆಗತಾನೆ ಕಡಿದ ಆಲಿವ್ ಮರದ ದೊಣ್ಣೆಗೆ ಬಳಸುತ್ತಾನೆ, ಭಯಕ್ಕೂ ಬಳಸುತ್ತಾನೆ. ‘ಹಸಿರು ಜೇನು’ ಅಂದರೆ ಓದುಗರು ಗಲಿಬಿಲಿಗೊಳ್ಳುತ್ತಾರೆ. ನಮ್ಮಲ್ಲಿ ‘ಹಸಿ’, ‘ಹಸಿರು’ ಒಂದೇ ಬೇರಿನವು. ಹಸಿ ಸೌದೆ, ಹಸಿ ಗಾಯ, ಹಸಿ ಬಾಣಂತಿ, ಹಸಿಗೂಸು ಅನ್ನುವಾಗ ಬಣ್ಣದ ಮಾತೇ ಇಲ್ಲ. ಈಗಷ್ಟೇ ಆದದ್ದು, ಇನ್ನೂ ಒಣಗದ್ದು, ಎಳೆಯದು ಅಂತ ಅರ್ಥ. ದೊಣ್ಣೆಗೆ ‘ಹಸಿ’ ಸರಿಯಾಗಿ ಕೂರುತ್ತದೆ. ಜೇನಿಗೂ ಒಪ್ಪಬಹುದು. ಭಯದ ಹತ್ತಿರ ಮಾತ್ರ ಕೈಕೊಡುತ್ತದೆ. ಅಲ್ಲಿ ‘ಬಿಳಚಿಕೊಳ್ಳುವುದು’ ಬೇಕು.

ಮೂರಕ್ಕೂ ಒಂದೇ ಮಾತು ಸಿಕ್ಕರೆ ಗ್ಲ್ಯಾಡ್‌ಸ್ಟನ್ ತೋರಿಸಿದ ವಿಚಿತ್ರ ಕನ್ನಡದಲ್ಲೂ ಉಳಿಯುತ್ತದೆ. ನಿಮ್ಮ ಕಡೆ ಬಿಳಚಿದ ಮುಖಕ್ಕೆ ‘ಹಸಿ’ ಅನ್ನುವ ಬಳಕೆ ಇದೆಯೇ? ಆಗತಾನೆ ಇಳಿಸಿದ ಜೇನಿಗೆ ಏನನ್ನುತ್ತೀರಿ? ಕರಾವಳಿ, ಮಲೆನಾಡಿನವರು ದಯವಿಟ್ಟು ತಿಳಿಸಿ.